ಅಕ್ಷರವಿಲ್ಲದ ತೋಟಾಗಳು

ತೋಮಿಕೊ ಅಮ್ಮನವರಿಗೆ, ಕೊಹಿಮಾದಿಂದ ನೈಸೊನುವೊ ಮಾಡುವ ನಮಸ್ಕಾರಗಳು.

ಈ ಸಲ ಬಂದಾಗ, ಯುದ್ಧದಲ್ಲಿ ಇಲ್ಲಿ ಮಡಿದ ನಿಮ್ಮ ತಂದೆಯವರಿಗೆ ಹೂವಿಡಲು ಮೇಲಿನ ಗದ್ದೆಗೆ ಹತ್ತುವುದು ಬೇಡ. ಅವರ ಸೈನ್ಯ ಇದ್ದದ್ದು ಅಲ್ಲೇ ಎಂದು ನಾವು ತೋರಿಸಿದ್ದು ತಪ್ಪು. ಅಲ್ಲಿ ಸಿಗುವ ಖಾಲಿ ತೋಟಾಗಳ ತಳದಲ್ಲಿ ಇಂಗ್ಲಿಷ್ ಅಕ್ಷರ, ಇಸವಿ ಒತ್ತಿವೆಯಲ್ಲ, ಅವು ಬ್ರಿಟಿಷರವಂತೆ. ಜಪಾನಿ ಸೈನ್ಯದ ರೈಫಲ್ ತೋಟಾಗಳ ತಳ ಬರಿದಾಗಿರುತ್ತದೆ ಎಂದು ಮ್ಯೂಸಿಯಮ್ಮಿನವರು ಮೊನ್ನೆ ಹೇಳಿದರು.

ಅಂಥವು ಕೆಳಗೆ ಹಳ್ಳದ ಗದ್ದೆಯಲ್ಲಿ ಅಗೆದಾಗಲೆಲ್ಲ ಸಿಗುತ್ತಿದ್ದವು. ಅಕ್ಷರವಿಲ್ಲದ್ದನ್ನು ಪ್ರವಾಸಿಗರು ಕೊಳ್ಳುವುದಿಲ್ಲವೆಂದು ನಾನು ಹಂದಿಗೂಡಿನ ಹಿಂದೆ ಎಸೆಯುತ್ತಿದ್ದೆ. "ನಂಗೂ ಅಕ್ಷರ ಬರಲ್ಲ ಕಣೇ, ನನ್ನೂ ಅಲ್ಲಿಗೇ ಎಸಿ" ಎಂದು ಬೈದ ಅವ್ವ ಈಗ ಎಲ್ಲವನ್ನೂ ಬುಟ್ಟಿಗೆ ಆರಿಸಿಟ್ಟಿದ್ದಾಳೆ.

ನಾಟಿಗೆ ಮುಂಚೆ ಬನ್ನಿ. ನೀವು ಅಗೆಸಿ ನೋಡುವವರೆಗೂ ಹಳ್ಳದ ಗದ್ದೆಗೆ ನೀರು ಬಿಡುವುದಿಲ್ಲ.

ಹೂವು ಮಾತ್ರ ಎರಡು ಕಟ್ಟು ತನ್ನಿ. ಇಷ್ಟು ವರ್ಷ ನೀವು ಹೂವಿಟ್ಟದ್ದು ನಿಮ್ಮ ತಂದೆಯ ಕಡೆಗೆ ಗುಂಡು ಹಾರಿಸಿದವರಿಗಲ್ಲವೇ ಎಂದು ನಾನು ಪೇಚಾಡಿಕೊಂಡರೆ ಅವ್ವ ಅಂದಳು: "ಅದನ್ನ ನಿಲ್ಲಿಸ್ಬೇಡಿ ಅಂತ ಬರಿ. ಆ ಹುಡುಗರ ಕಡೆಯೋರು ಯಾರೂ ಬರ್ತಿಲ್ಲ."

ನಿಮ್ಮ ಮಗಳಂಥ,
ನೈಸೊನುವೊ