ಎರಡನೇ ಮಗ್ಗುಲು ಮೊದಲು

ಜನವರಿ 17, ಶುಕ್ರವಾರ. ಬೆಳಿಗ್ಗೆ 6.10

ಮುಂದೆಂದೋ ಈ ಓರೆಸ್ಟ್ ಹ್ರಿಂಚುಕ್‌ನ ಜೀವನಚರಿತ್ರೆ ಬರೆಯಲಿರುವ ಮಹನೀಯರೇ, ಧೂಳಿಗೆ ಸೀನುತ್ತ ಈ ಪುಟ ತಿರುವುತ್ತಿರುವ ಸಂಶೋಧಕರೇ — ಗಮನವಿಟ್ಟು ಕೇಳಿ. ನಿಮ್ಮ ಕಥಾನಾಯಕ ನಿನ್ನೆ, ರಾತ್ರಿಯಿಡೀ ಕಾರಿನ ಎಂಜಿನ್ ಬೆಚ್ಚಗಿಡುವ ಹೀಟರಿನ ವೈರನ್ನು ಪ್ಲಗ್ಗಿಗೆ ಸಿಕ್ಕಿಸಲು ಮರೆತ. ಹೊರಗೆ ಮೈನಸ್ ಮೂವತ್ತೊಂದು. ಎಂಜಿನ್ ಈಗ ಬಂಡೆಗಲ್ಲು. ಆದ್ದರಿಂದ ವಿನಿಪೆಗ್‌ನ ಈ ಮಹಾನ್ ಕಲಾವಿದ ಬಸ್ಸು ಹಿಡಿದು, ಎಂಟಕ್ಕೆ ಪೇಂಟ್ ಅಂಗಡಿಯ ಕೌಂಟರಿನಲ್ಲಿ ನಿಂತು, ಜನರ ಗೋಡೆಗಳಿಗೆ ಬಣ್ಣ ಕಲಸತಕ್ಕದ್ದು.

ಇವತ್ತು ನನ್ನ ಆಲ್ಬಮ್ ಬಿಡುಗಡೆ. ಮುನ್ನೂರು ರೆಕಾರ್ಡು, ಹತ್ತು ಹಾಡು. ವಿಷಯ — ನಾನು, ಗ್ವೆನ್, ಹನ್ನೊಂದು ವರ್ಷದ ಸಂಸಾರ. ರೆಕಾರ್ಡಿನ ಮೊದಲ ಮಗ್ಗುಲಲ್ಲಿ ಲಾಂಡ್ರಿಯಲ್ಲಿ ಭೇಟಿ, ಮದುವೆ, ಮನೆ, ಇಬ್ಬರೂ ಸೇರಿ ಅಡುಗೆಮನೆಗೆ ಹಳದಿ ಬಳಿದದ್ದು. ಎರಡನೇ ಮಗ್ಗುಲು ಪೂರ್ತಿ ಜಗಳ. ಕೊನೆಯ ಹಾಡಿನಲ್ಲಿ ಅವಳು ಮನೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋಗುತ್ತಾಳೆ. ಗಿಟಾರೂ ನಿಲ್ಲುತ್ತದೆ. ಊರು ಕೇಳಬೇಕು, ಅವಳೂ ಕೇಳಬೇಕು. ಸ್ವಲ್ಪ ಸೇಡು, ಬಾಕಿ ಹಾಡು.

ಜನವರಿ 19

ಮೊದಲ ವಿಮರ್ಶೆ ಅಮ್ಮನದು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರ ಜೊತೆ ಆಲೂಗಡ್ಡೆ ಕಡುಬು ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ಪೂರ್ತಿ ಕೇಳ್ದೆ ಕಣೋ. ಹಾಡೋವಾಗ ನೆಗಡಿ ಆಗಿತ್ತಾ?"

"ಇಲ್ಲಮ್ಮ. ಅದು ಭಾವ."

"ಭಾವ ಬಂದ್ರೆ ಮೂಗ್ಯಾಕೋ ಕಟ್ಟುತ್ತೆ? ಇರ್ಲಿ. ಕೊನೇ ಹಾಡು ಚೆನ್ನಾಗಿದೆ. ನಗುನಗ್ತಾ ಮುಗ್ಸಿದ್ದೀಯ."

ಕೀಲಿ ಹಾಡು ನಗುನಗುತ್ತಾ? ಅಮ್ಮನ ಕಿವಿ ಯಾರಿಗಾದರೂ ತೋರಿಸಬೇಕು.

ಜನವರಿ 24

ಅಮ್ಮನ ಕಿವಿ ಸರಿಯಿದೆ.

ಊರಿನ ವಾರಪತ್ರಿಕೆಯಲ್ಲಿ ಅರ್ಧ ಪುಟ. 'ಹ್ರಿಂಚುಕ್ ಕಥೆಯನ್ನು ತುದಿಯಿಂದ ಹಿಡಿದಿದ್ದಾರೆ. ಬಾಗಿಲು ಮುಚ್ಚಿದ ಸದ್ದಿನಿಂದ ಹಿಂದಕ್ಕೆ ನಡೆದು ಹಳದಿ ಅಡುಗೆಮನೆಯಲ್ಲಿ ನಿಲ್ಲುತ್ತಾರೆ. ಇದು ಕ್ಷಮೆ. ಇದು ಧೈರ್ಯ.' ಎರಡು ಸಲ ಓದಿದೆ. ರೆಕಾರ್ಡು ತೆಗೆದು, ಮೊದಲ ಬಾರಿಗೆ, ಹಾಕಿದೆ. ಮೊದಲ ಮಗ್ಗುಲೆಂದು 'ಎ' ಬರೆದ ಕಡೆ ಶುರುವಾದದ್ದು ಜಗಳ.

ಎರಡೂ ಮಗ್ಗುಲಿನ ಲೇಬಲ್ ಅದಲುಬದಲು. ಕವರಿನ ಮೇಲೆ ಹಾಡಿನ ಪಟ್ಟಿ ಬೇಡ, ಅದೇ ಕಲೆ ಎಂದವನೂ ನಾನೇ. ಹಾಗಾಗಿ ಯಾರಿಗೂ ಅನುಮಾನವಿಲ್ಲ. ರೆಜಾನ್‌ಗೆ ಫೋನು ಮಾಡಿದೆ. ಅವನ ಮನೆಯ ಬಟ್ಟೆ ಒಣಗಿಸುವ ಕೋಣೆಯೇ ನನ್ನ ರೆಕಾರ್ಡ್ ಕಂಪನಿ.

"ಅಚ್ಚು ಹಾಕೋಕೆ ಮುಂಚೆ ಮಾದರಿ ಕಳ್ಸಿದ್ದೆನಲ್ಲ ಮಾರಾಯ. ಕೇಳಿ, ಸರಿ ಇದೆ ಅಂತ ಸಹಿ ಹಾಕಿದ್ದು ಯಾರು?"

"ನಾನು."

"ಕೇಳಿದ್ದೆ ತಾನೆ?"

"ಸಹಿ ಹಾಕಿದ್ದೆ."

ಆ ಕಡೆ ಡ್ರೈಯರ್ ತಿರುಗುವ ಸದ್ದು.

"ಓರೆಸ್ಟ್, ಹದಿನಾಲ್ಕು ವರ್ಷದಲ್ಲಿ ನಿನ್ನ ಯಾರೂ ಧೈರ್ಯವಂತ ಅಂದಿಲ್ಲ. ಇವತ್ತು ಅಂದಿದ್ದಾರೆ. ಬಾಯಿ ಮುಚ್ಕೊಂಡು ಧೈರ್ಯವಾಗಿರು."

ಫೆಬ್ರವರಿ 4

ಟೊರಾಂಟೊದ ಪತ್ರಿಕೆಯೂ ಬರೆಯಿತು. 'ವರ್ಷದ ಅತ್ಯಂತ ಪ್ರಾಮಾಣಿಕ ಆಲ್ಬಮ್.' ವರ್ಷಕ್ಕಿನ್ನೂ ಐದು ವಾರ.

ಅಂಗಡಿಗೆ ಗಡ್ಡದವನೊಬ್ಬ ಬಂದ. ಗಡ್ಡದಲ್ಲಿ ಮಂಜು, ಕಣ್ಣಲ್ಲಿ ನೀರು.

"ನೀವೇ ಅಲ್ವಾ? ನನ್ನ ಹೆಂಡ್ತಿ ನವೆಂಬರಲ್ಲಿ ಬಿಟ್ಟುಹೋದ್ಲು ಗುರುವೇ. ಬೈಕೊಂಡು ಓಡಾಡ್ತಿದ್ದೆ. ನಿಮ್ಮ ಕೊನೇ ಹಾಡು ಕೇಳಿ ಬೈಯೋದು ಬಿಟ್ಟೆ. ಆ ಹಳದಿ ಕೊಡಿ. ಅದೇ ಹಳದಿ."

ಯಾವ ಹಳದಿಯೋ ನನಗೇ ನೆನಪಿಲ್ಲ. ಬಣ್ಣದ ಮಷೀನಿನಲ್ಲಿ ಕೈಗೆ ಸಿಕ್ಕ ನಂಬರು ಹೊಡೆದು ಎರಡು ಡಬ್ಬ ಕಲಸಿಕೊಟ್ಟೆ. ತಬ್ಬಿಕೊಂಡ. ಈ ವಾರ ಇವನು ಏಳನೆಯವನು. ಮ್ಯಾನೇಜರ್‌ಗೆ ಖುಷಿ, ಕಿಟಕಿಯಲ್ಲಿ ಹಳದಿ ಜೋಡಿಸಿದ್ದಾಳೆ. ಮನಸ್ಸು ಮುರಿದವರಿಗೆ ಮದ್ದು, ಮಾಡಿದವನಿಗೆ ಗುದ್ದು.

ಫೆಬ್ರವರಿ 9

ಕಾಲೇಜ್ ರೇಡಿಯೊದಲ್ಲಿ ಸಂದರ್ಶನ. ಹುಡುಗಿ ಕೇಳಿದಳು, "ಈ ಕ್ರಮ ಹೇಗೆ ಹೊಳೀತು?"

"ನೆನಪು ನಡೆಯೋದೇ ಹಿಂದಕ್ಕೆ" ಎಂದೆ. ಬಾಯಿಂದ ತಾನಾಗಿ ಬಂತು. ಅವಳು ಬರೆದುಕೊಂಡಳು. ನಾನು ಇನ್ನೂ ಎರಡು ವಾಕ್ಯ ಸೇರಿಸಿದೆ. ಒಂದರಲ್ಲಿ ನದಿ ಇತ್ತು.

ಇಂಟರ್‌ನೆಟ್ಟಿನಲ್ಲಿ ಯಾರೋ ಒಬ್ಬ ಹತ್ತಕ್ಕೆ ನಾಲ್ಕು ಕೊಟ್ಟಿದ್ದಾನೆ. 'ಇಷ್ಟು ಸುಲಭವಾಗಿ ಯಾರೂ ಕ್ಷಮಿಸುವುದಿಲ್ಲ. ನಂಬಲಾಗುತ್ತಿಲ್ಲ.' ನನಗೆ ಸಿಕ್ಕ ಒಬ್ಬನೇ ಒಳ್ಳೆಯ ವಿಮರ್ಶಕ. ಅಭಿಮಾನಿಗಳು ಅವನನ್ನು ಅಟ್ಟಾಡಿಸಿ ಬೈಯುತ್ತಿದ್ದಾರೆ.

ಫೆಬ್ರವರಿ 27

ಹದಿನೆಂಟು ದಿನ ಬರೆಯಲಿಲ್ಲ. ಇವತ್ತು ಗ್ವೆನ್ ಫೋನು.

"ದುಡ್ಡು ಕೊಟ್ಟೇ ತಗೊಂಡೆ, ಪುಕ್ಕಟೆ ಅಲ್ಲ. ಮೂರು ವಾರ ಬೀರು ಮೇಲಿಟ್ಟಿದ್ದೆ. ನಿನ್ನೆ ಹಾಕ್ದೆ."

"ಓ."

"ಕೀಲಿ ಹಾಡು ಬಂದಾಗ ಎದ್ದು ಪಾತ್ರೆ ತೊಳೆಯೋಕೆ ಹೋದೆ. ಇಷ್ಟೇ ಇವನು, ಊರ ಮುಂದೆ ನನ್ನ ನಿಲ್ಲಿಸಿ ಮುಗ್ಸಿದ, ಅನ್ಕೊಂಡೆ. ಆಮೇಲೆ ಯಾಕೋ ತಿರುಗಿಸಿ ಹಾಕ್ದೆ. ಲಾಂಡ್ರಿ ಬಂತು. ನನ್ನ ಒಂಟಿ ಕಾಲುಚೀಲ ಬಂತು. ನಗು ಬಂತು ಕಣೋ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಅಲ್ಲಿಗೆ ತಂದು ಮುಗಿಸೋಕೆ ನಿಂಗೆಷ್ಟು ಕಷ್ಟ ಆಗಿರ್ಬೇಕು."

"ಸುಮಾರಾಗಿ" ಎಂದೆ. ದೇವರು ನೋಡುತ್ತಿದ್ದ.

"ಭಾನುವಾರ ಹತ್ತಕ್ಕೆ ಬಾ. ಕಾಫಿ ಕುಡಿಯೋಣ. ನಾಲ್ಕು ವರ್ಷ ಆಯ್ತು, ನಾವಿಬ್ರೂ ವಕೀಲರಿಲ್ದೆ ಮಾತಾಡಿ."

ರೆಜಾನ್‌ಗೆ ಹೇಳಿದೆ. "ಹೋಗು. ಕಾಫಿ ಕುಡಿ. ಅಚ್ಚಿನ ತಪ್ಪು ಅಂತ ಉಸಿರೆತ್ತಬೇಡ. ತಪ್ಪಿಂದ ಹುಟ್ಟಿದ್ದಾದ್ರೂ ಸ್ನೇಹ ಸ್ನೇಹಾನೇ."

ಇರಬಹುದು. ಆದರೆ ಅವಳು ಕಾಫಿಗೆ ಕರೆದದ್ದು ಇನ್ಯಾವನನ್ನೋ. ಆ ದೊಡ್ಡ ಮನಸ್ಸಿನವನ ವಿಳಾಸ ನನ್ನಲ್ಲಿಲ್ಲ. ಹೇಳಿದರೆ ಅವಳು ಇನ್ನೊಮ್ಮೆ ಹೋದಾಳು. ಹೇಳದಿದ್ದರೆ ಆ ಮೇಜಿನ ಮುಂದೆ ಕೂರುವವನು ನಾನಲ್ಲ.

ಮಾರ್ಚ್ 2, ಭಾನುವಾರ. ಬೆಳಿಗ್ಗೆ 9.05

ಮಹನೀಯರೇ, ಸಾಕು. ನೀವು ಯಾರೂ ಬರುವುದಿಲ್ಲ. ನಿಮ್ಮ ನೆಪದಲ್ಲಿ ಆರು ವಾರ ಒಬ್ಬಳಿಗೆ ಹೇಳುವ ಮಾತಿನ ಸುತ್ತ ಗಿರಕಿ ಹೊಡೆದೆ. ಹತ್ತಕ್ಕೆ ಹೇಳುವುದನ್ನು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ. ಪ್ರಾಸ ಇಲ್ಲದೆ.

ಗ್ವೆನ್, ಹಾಗೆ ಮುಗಿಸಿದ್ದು ನಾನಲ್ಲ. ಅಚ್ಚಿನವರು ತಪ್ಪಿ ಲೇಬಲ್ ಅಂಟಿಸಿದರು. ನಾನು ಮುಗಿಸಿದ್ದು ನೀನು ಬಾಗಿಲು ದಾಟುವಲ್ಲಿ, ಬೇಕೆಂದೇ. ಮಾದರಿ ಕೇಳದೆ ಸಹಿ ಹಾಕಿದೆ, ಏಕೆಂದರೆ ಕೀಲಿಯ ಹಾಡನ್ನು ಕೇಳಲು ನನಗೇ ಆಗುತ್ತಿರಲಿಲ್ಲ. ದುಃಖಕ್ಕಲ್ಲ. ಆ ಹಾಡೇ ಸುಳ್ಳು. ಕೀಲಿ ನೀನಾಗಿ ಇಡಲಿಲ್ಲ. ಕೈ ಚಾಚಿ ಕೇಳಿದವನು ನಾನು. ನೀನು ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಇವತ್ತು ಬೇಡ, ನಾಳೆ ಮಾತಾಡೋಣ ಅಂತ ಅಂದೆ. ಆಗ ನಾನು — ಇಲ್ಲ, ಇದನ್ನು ಬರೆಯುವುದಲ್ಲ, ನಿನ್ನೆದುರೇ ಹೇಳಬೇಕು; ಬಸ್ಸಿಗೆ ಹೊತ್ತಾಯಿತು.