ಮುದಿ ಇಲಿಗೊಂದು ಚೂರು ಬೆಲ್ಲ

ಕಾನಹೊಸಹಳ್ಳಿ
ತಾ. ೧೪-೨-೧೯೮೪

ಪ್ರೀತಿಯ ಹುಲುಗಿ ಅಪ್ಪಾರಿಗೆ,

ತಿಪ್ಪೇರುದ್ರಮ್ಮನ ನಮಸ್ಕಾರಗಳು. ಹುಬ್ಬಳ್ಳ್ಯಾಗ ಆರಾಮ ಅದೀರಲ್ಲ? ಖಾನಾವಳಿ ಊಟ, ಹೊಟ್ಟಿ ಜ್ವಾಕಿ. ಇಲಿ ಕಚ್ಚಿದ ಬೆರಳು ಮಾಯ್ತೋ ಇಲ್ಲೋ, ಅದನ್ನ ಮೊದಲು ಬರೀರಿ.

ಇನ್ನ ಸುದ್ದಿ ಕೇಳ್ರಿ. ಮಾವ ಉಂಡ್ರು! ನಿನ್ನೆ ಒಂದು ಬಟ್ಟಲ ಪೂರಾ ಉಂಡು, ಇನ್ನೊಂಚೂರು ಹಾಕವ್ವ ಅಂದ್ರು. ಹದಿನೈದು ದಿನದಿಂದ ಏನು ಬಾಯಿಗಿಟ್ಟರೂ ಕೆಮ್ಮಿ ಕೆಮ್ಮಿ ಮುಖ ಕಪ್ಪಾಗತಿತ್ತು, ಎದಿ ಗೊರಗೊರ ಅಂತಿತ್ತು. ದೂರದಾಗ ಗಾಬರಿ ಆಗ್ತೀರಂತ ನಿಮಗ ತಿಳಿಸಿರಲಿಲ್ಲ. ಪಕ್ಕದ ಮನಿ ಜಂಬಕ್ಕ ಅಂತೂ, ಮುದುಕ ಅನ್ನ ಬಿಟ್ಟಾನ, ಇನ್ನ ಎಂಟು ದಿನ ಅಂತ ಲೆಕ್ಕ ಹೇಳಿ ಹೋಗಿದ್ಲು. ಆಕಿ ಬಾಯಾಗ ಮಣ್ಣು ಬೀಳ್ಲಿ.

ಆಗ ನಿಮ್ಮ ಕಾಗದ ಬಂತು. ನೀವು ಕೆಲಸ ಮಾಡೋ ದವಾಖಾನಿ ಇಲಿ ಮನ್ಯಾಗ ಡಾಕ್ಟ್ರು ಮರಿ ಇಲಿ, ಪ್ರಾಯದ ಇಲಿ, ಮುದಿ ಇಲಿ ಮೂರಕ್ಕೂ ಹಾಲು ಕುಡಿಸಿ, ಗಂಟಲಾಗ ಹೆಂಗ ಇಳೀತೈತಿ ಅಂತ ಎಕ್ಸರೇದಾಗ ನೋಡ್ತಾರ ಅಂತ ಬರದಿದ್ರಿ. ಮೊದಲು ನಕ್ಕೆ, ಇಲಿ ನುಂಗೋದು ನೋಡಾಕ ಪಗಾರ ಕೊಡ್ತಾರಲ್ಲ ನಮ್ಮ ಯಜಮಾನ್ರಿಗಿ ಅಂತ. ಆಮ್ಯಾಲ ಮತ್ತೊಮ್ಮೆ ಓದಿದೆ. ಮರಿ ಚೀಪತಾ ಚೀಪತಾನ ಉಸುರಾಡತೈತಿ, ಮುದೀದಕ್ಕ ನುಂಗಾಕ ಹೊತ್ತು ಬೇಕು, ಅವಸರ ಮಾಡಿದ್ರ ತೆಳ್ಳಂದು ಉಸುರಿನ ದಾರಿ ಹಿಡೀತೈತಿ ಅಂತ ಇತ್ತಲ್ಲ. ಮಡಿಲಾಗ ಕೂಸು ಹುಲುಗಿ ಗಟಗಟ ಹಾಲು ಕುಡಿಯಾಕ್ಹತ್ತಿದ್ಲು. ಅವತ್ತು ಮುಂಜಾನೇನ ಮಾವನ ಗದ್ದ ಮ್ಯಾಲೆತ್ತಿ, ಕುರಿಗಿ ಔಷಧ ಹೊಯ್ಯೋ ಬಿದಿರಿನ ಗೊಟ್ಟದಾಗ ನೀರಂಥ ಅಂಬಲಿ ಹೊಯ್ದಿದ್ದೆ. ನಮ್ಮದು ಕುರಿ ಕಾಯೋ ಮನಿ, ಜಡ್ಡಾದವರಿಗಿ ಅದಾ ಪದ್ಧತಿ.

ಗೊಟ್ಟ ತೆಗೆದಿಟ್ಟೆ. ಗ್ವಾಡಿಗಿ ಕೌದಿ ಒತ್ತು ಕೊಟ್ಟು ನೆಟ್ಟಗ ಕುಂದ್ರಿಸಿ, ಗದ್ದ ಎದಿ ಕಡಿ ಬಗ್ಗಿಸಿ, ನವಣಿ ಗಂಜಿ ಗಟ್ಟಿಗಿ ಕುದಿಸಿ ಚಮಚದ ತುದ್ಯಾಗ ಕೊಟ್ಟೆ. ಗಂಟಲಮಣಿ ಮ್ಯಾಲ ಹೋಗಿ ಕೆಳಗ ಇಳಿಯೋತನಕ ಎರಡನೇದು ಕೊಡಲಿಲ್ಲ. ಮೊದಲನೇ ದಿನ ಆರು ಚಮಚ. ಕೆಮ್ಮಲಿಲ್ಲ. ನಾನು ಅತ್ತುಬಿಟ್ಟೆ ನೋಡ್ರಿ. ಮಾವ ನನ್ನ ಮುಖ ನೋಡಿ, ಉಪ್ಪು ಹಾಕೋದು ಮರತೆ ಅಂತ ಅಳ್ತೀಯೇನು ಅಂದ್ರು. ಇವತ್ತಿಗಿ ಐದು ದಿನ. ಎದಿ ಸಪ್ಪಳ ಕಮ್ಮಿ ಆಗೈತಿ. ಜಂಬಕ್ಕ ದಿನಾ ಬಂದು ಎದುರಿಗೆ ಕುಂತು ಮಾವನ ಗಂಟಲ ನೋಡ್ತಾಳ, ನಿಮ್ಮ ಡಾಕ್ಟ್ರಿಗಿಂತ ಹೆಚ್ಚು.

ಆ ಮುದಿ ಇಲಿಗಿ ನನ್ನ ಹೆಸರಿಲೆ ಒಂದು ಚೂರು ಬೆಲ್ಲ ಹಾಕ್ರಿ, ಡಾಕ್ಟ್ರಿಗಿ ಹೇಳಬ್ಯಾಡ್ರಿ. ಮಾವ ಆಶೀರ್ವಾದ ತಿಳಿಸ್ಯಾರ. ಹುಲುಗಿ ಈ ಕಾಗದದ ಮೂಲಿ ಕಚ್ಯಾಳ, ಅದಾ ಆಕಿ ಮುತ್ತು ಅಂತ ತಿಳೀರಿ.

ಇಂತಿ ನಿಮ್ಮ
ತಿಪ್ಪೇರುದ್ರಮ್ಮ

ತಾ.ಕ.: ಟಪಾಲಿನವ ಬಾಗಿಲಾಗ ನಿಂತಾನ. ನಿಮ್ಮ ಕಾಗದದ ಕಡೀ ಸಾಲು ಗೀಚಿ ಹಾಕಿದ್ರಲ್ಲ, ಬಿಸಲಿಗಿ ಹಿಡದು ಓದೀನಿ. "ಅವ್ವಗ ಕಡೀ ದಿನ ಗೊಟ್ಟ ಹಿಡದಿದ್ದು ನಾನಾ" ಅಂತ ಐತಿ. ಹೌದು, ನೀವಾ. ಅತ್ತಿ ತಲಿ ಎತ್ತಿ ಹಿಡದಿದ್ದು ನಾನು. ಹಂಗ ಹೊಯ್ದ್ರ ಉಸುರಿನ ದಾರಿ ಹಿಡೀತೈತಿ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಗೊಟ್ಟ ಒಲಿಗಿ ಹಾಕೀನಿ. ಊರಿಗಿ ಬರಾಕ ಅಂಜಬ್ಯಾಡ್ರಿ. ಬಂದು ನಿಮ್ಮ ಕೈಲೆ ಅಪ್ಪಗ ಒಂದು ಚಮಚ ಕೊಡ್ರಿ, ನಾ ಬಾಜೂಕ ಕುಂದ್ರತೀನಿ.