ಮಂಗಳವಾರ ಬಂದ ನೀಲಿ ನೊಣ

ಸಪ್ತಾಪುರ, ಧಾರವಾಡ
೧೭ ನವೆಂಬರ್ ೨೦೨೪

ಪ್ರೀತಿಯ ಚಿನ್ಮಯೀ,

ಹೇಗಿದ್ದೀ? ಮೊಣಕಾಲು ನೋವು ಇಳಿಯಿತೇ? ನೀನು ಕಳಿಸಿದ ಎರಡು ಪತ್ರಗಳೂ ಮೇಜಿನ ಮೇಲೇ ಇವೆ. ಮೂರು ತಿಂಗಳು ಉತ್ತರ ಬರೆಯದವಳ ಮೇಲೆ ನಿನಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ಫೋನಿನಲ್ಲಿ ಹೇಳೋಣವೆಂದು ಎಷ್ಟೋ ಸಲ ನಂಬರು ಒತ್ತಿದೆ, ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ.

'ನೊಣ ಬಿಡಿಸಿತು ನಿರಪರಾಧಿಯನ್ನು' ಎಂಬ ಸುದ್ದಿಯನ್ನು ಪೇಪರಿನಲ್ಲಿ ಓದಿ ಹೆಮ್ಮೆಯಾಯಿತು ಎಂದು ಬರೆದಿದ್ದೆಯಲ್ಲ, ಆ ಹೆಮ್ಮೆಯನ್ನು ನಿನಗೆ ವಾಪಸು ಕೊಡಲು ಈ ಪತ್ರ. ಪೇಪರಿನವರು ಅರ್ಧ ಬರೆದರು. ಉಳಿದರ್ಧ ನಿನಗೆ ಗೊತ್ತಾಗಲಿ.

ಆಗಸ್ಟ್ ತಿಂಗಳ ಒಂದು ಶನಿವಾರ ಸಂಜೆ ಡಾ. ಬಿಂದುಮಾಧವ ಫೋನ್ ಮಾಡಿದರು. ಶವಪರೀಕ್ಷೆಯ ಡಾಕ್ಟರು. "ಸುಜಾತಾ ಅವರ, ನೀವು ನೊಣದ ಮ್ಯಾಲೆ ಪಿಎಚ್‌ಡಿ ಮಾಡಿದವರಲ್ರಿ? ಒಂದೀಟು ಬಂದು ಹೋಗ್ರಿ. ಒಂದು ಹುಡುಗಿ ಹೆಣ ಬಂದೈತಿ, ದಿನದ ಲೆಕ್ಕ ಹೊಂದವಲ್ದು" ಎಂದರು. ನಿಜ ಹೇಳಲೇ? ನನಗೆ ಖುಷಿಯಾಯಿತು. ಹುಬ್ಬಳ್ಳಿಯ ಮಾಂಸದ ಮಾರ್ಕೆಟ್ಟು, ಉಣಕಲ್ ಕೆರೆ ದಂಡೆ, ರಾಯಾಪುರದ ಕಸದ ಗುಡ್ಡೆ ಎಂದು ನಾವಿಬ್ಬರೂ ಬಲೆ ಹಿಡಿದು ತಿರುಗಿದ್ದು, ಬಸ್ಸಿನಲ್ಲಿ ನಮ್ಮ ಪಕ್ಕ ಯಾರೂ ಕೂರದೇ ಇದ್ದದ್ದು ನೆನಪಿದೆಯಲ್ಲ? ಹದಿನೇಳು ವರ್ಷ ಖಾಸಗಿ ಕಾಲೇಜಿನಲ್ಲಿ ಕಪ್ಪೆಯ ಚಿತ್ರ ಬರೆಸಿದ ಮೇಲೆ ಆ ವಿದ್ಯೆಯನ್ನು ಯಾರೋ ಕೇಳಿದ್ದರು.

ಸತ್ತವಳು ಸಪ್ತಾಪುರದ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬಳೇ ಇದ್ದ ವಿದ್ಯಾರ್ಥಿನಿ. ಶನಿವಾರ ಕೋಣೆಯ ಬಾಗಿಲು ಒಡೆದು ನೋಡಿದಾಗ ಬಾತ್‌ರೂಮಿನ ಬಾಗಿಲಲ್ಲಿ ಬಿದ್ದಿದ್ದಳು, ತಲೆಗೆ ಪೆಟ್ಟಾಗಿತ್ತು. ಹೊರಬಾಗಿಲಿಗೆ ಎಳೆದರೆ ತಾನೇ ಬೀಳುವ ಲಾಕು. ಹೀಗಾಗಿ ಯಾರೋ ಹೊಡೆದು ಹೊರಗೆ ಹೋಗಿದ್ದಾರೆ ಎಂದು ಪೊಲೀಸರು ಹಿಡಿದಿದ್ದು ಹುಲಗೇಶ ಎಂಬವರನ್ನು. ಹತ್ತಿರದಲ್ಲೇ ಸಣ್ಣ ಖಾನಾವಳಿ ನಡೆಸುವವರು. ಹುಡುಗಿ ಎರಡೂ ಹೊತ್ತು ಅಲ್ಲೇ ಉಣ್ಣುತ್ತಿದ್ದಳು. ಗುರುವಾರ ಸಂಜೆ ಅವರು ಆ ಬಾಗಿಲ ಮುಂದೆ ನಿಂತಿದ್ದನ್ನು ಮನೆಯೊಡತಿ ನೋಡಿದ್ದರು.

ನಾನು ಹುಳುಗಳನ್ನು ನೋಡಿದೆ. ನಮ್ಮ ನೀಲಿ ಮಾಂಸನೊಣದ ಮರಿಗಳೇ. ಬಾತ್‌ರೂಮಿನ ಕಿಂಡಿಯಿಂದ ಬಂದಿದ್ದವು. ಕೆಲವನ್ನು ಬಿಸಿನೀರಿಗೆ ಹಾಕಿ ಸ್ಪಿರಿಟ್ಟಿನಲ್ಲಿಟ್ಟೆ, ಕೆಲವನ್ನು ಜೀವಂತ ಮನೆಗೆ ತಂದು ಆಡಿನ ಲಿವರಿನ ಮೇಲೆ ಬಿಟ್ಟೆ. ಸೂಕ್ಷ್ಮದರ್ಶಕದಲ್ಲಿ ಹಿಂತುದಿಯ ಉಸಿರುರಂಧ್ರಗಳಿಗೆ ಮೂರು ಮೂರು ಸೀಳು ಕಂಡವು. ಎರಡು ಸಲ ಪೊರೆ ಕಳಚಿ, ಮೂರನೆಯ ಹಂತ ತಲುಪಿ, ಹೊಟ್ಟೆ ತುಂಬ ತಿಂದು ಬೆಳೆದ ಹುಳುಗಳು. ಆಗಸ್ಟಿನ ಧಾರವಾಡದ ಥಂಡಿಯಲ್ಲಿ ಅಷ್ಟು ಬೆಳೆಯಲು ನಾಲ್ಕು ದಿನ ಬೇಕು. ಸತ್ತದ್ದು ಗುರುವಾರವಾಗಿದ್ದರೆ ಅಕ್ಕಿನುಚ್ಚಿನಂಥ ಮೊಟ್ಟೆ ಒಡೆದು ನೂಲಿನೆಳೆಯಷ್ಟು ಮರಿಗಳಿರುತ್ತಿದ್ದವು, ಅಷ್ಟೇ. ಮಂಗಳವಾರ ಹೊತ್ತು ಮುಳುಗುವ ಮೊದಲೇ ನೊಣ ಬಂದು ಮೊಟ್ಟೆಯಿಟ್ಟಿತ್ತು.

ಸೋಮವಾರ ಠಾಣೆಯಲ್ಲಿ ಅದನ್ನೇ ಹೇಳಿದೆ. ಪಿಎಸ್‌ಐ ನಕ್ಕರು. "ಮೇಡಂ, ಕಾಲೇಜಿನ ಹಾಜರಿಯೊಳಗ ಆಕಿ ಗುರುವಾರದ ತನಕ ಕ್ಲಾಸಿನ್ಯಾಗ ಅದಾಳ. ನಿಮ್ಮ ಹುಳದ ಮಾತು ಕೇಳೂದೋ, ಕಾಲೇಜಿನ ಮಾತು ಕೇಳೂದೋ?" ಎಂದು ಹಾಳೆಯನ್ನು ನನ್ನತ್ತ ತಿರುಗಿಸಿದರು.

ನಮ್ಮ ಕಾಲೇಜಿನ ಹಾಳೆ, ಚಿನ್ಮಯೀ. ಬಿಎಸ್ಸಿ ಎರಡನೇ ವರ್ಷ, ಪ್ರಾಣಿಶಾಸ್ತ್ರ, ಬೆಳಗಿನ ಒಂಬತ್ತರ ಕ್ಲಾಸು. ಕೆಳಗೆ ನನ್ನ ಹೆಸರು. ಸತ್ತವಳ ಹೆಸರು ಪೂನಮ್. ಅದನ್ನು ಓದಿದ ಮೇಲೂ ಅವಳ ಮುಖ ನನಗೆ ನೆನಪಾಗಲಿಲ್ಲ.

ನಮ್ಮಲ್ಲಿ ಹಾಜರಿ ಈಗ ಮೊಬೈಲಿನಲ್ಲಿ. ಎಂಬತ್ತನಾಲ್ಕು ಹೆಸರು ಕೂಗುತ್ತ ಕುಳಿತರೆ ಹದಿನೈದು ನಿಮಿಷ ಹಾಳು. ಹಾಜರಿ ಕಡಿಮೆಯಾದರೆ ಪ್ರಿನ್ಸಿಪಾಲರ ಕಿರಿಕಿರಿ ಬೇರೆ. 'ಎಲ್ಲರೂ ಹಾಜರು' ಎಂದು ಒಂದು ಬಟನ್ ಇದೆ. ಎಲ್ಲರೂ ಅದನ್ನೇ ಒತ್ತುತ್ತಾರೆ, ನಾನೂ ಒತ್ತುತ್ತಿದ್ದೆ. ಆ ವಾರ ನಾಲ್ಕು ದಿನ ಒತ್ತಿದ್ದೆ. ಶುಕ್ರವಾರ ರಜೆಯಿತ್ತು, ಇಲ್ಲದಿದ್ದರೆ ಅವತ್ತೂ ಒತ್ತುತ್ತಿದ್ದೆ.

ಆಗಲೇ ಠಾಣೆಯಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಪ್ರಿನ್ಸಿಪಾಲ್ ಅತುಲ ಅವರ ಹತ್ತಿರ ಹೋದೆ. ಅವರು ಬಾಗಿಲು ಹಾಕಿಸಿ ಮೆಲ್ಲಗೆ ಹೇಳಿದರು: "ಹುಳದ ಲೆಕ್ಕ ಒಂದೆರಡು ದಿನ ಹಿಂದ ಮುಂದ ಆಗಬಹುದಲ್ರಿ? ಹಂಗ ಬರೀರಿ. ಬಟನ್ ಸುದ್ದಿ ಹೊರಗ ಬಂದರ ಬರೇ ನೀವಲ್ಲ, ಇಡೀ ಕಾಲೇಜು ಮುಳಗತದ."

'ಎರಡರಿಂದ ನಾಲ್ಕು ದಿನ' ಎಂದು ಬರೆದುಕೊಟ್ಟೆ. ಹೌದು, ನಾನೇ. ಯಾವ ತಾಪಮಾನಕ್ಕೂ ಹೊಂದದ ಉತ್ತರ ಅದು. ಆ ಹಾಳೆ ಹಿಡಿದೇ ಹುಲಗೇಶರನ್ನು ಜೈಲಿಗೆ ಕಳಿಸಿದರು. ಮರುದಿನವೇ ಯಾರೋ ಅವರ ಖಾನಾವಳಿಯ ಬೋರ್ಡು ಕಿತ್ತು ಗಟಾರಕ್ಕೆ ಎಸೆದಿದ್ದರು. ಕಾಲೇಜಿಗೆ ಹೋಗುವಾಗ ನೋಡಿದೆ. ನೋಡಿ ಗಾಡಿ ಮುಂದೆ ಓಡಿಸಿದೆ.

ಮನೆಯ ಜಾಡಿಯಲ್ಲಿ ಹುಳುಗಳು ಕೋಶ ಕಟ್ಟಿದವು. ಹನ್ನೊಂದನೆಯ ದಿನ ಬೆಳಿಗ್ಗೆ ಅರಿವೆ ಕಟ್ಟಿದ ಬಾಯಿಯ ಕೆಳಗೆ ನೀಲಿ ನೊಣಗಳು ಗುಂಯ್ಗುಟ್ಟುತ್ತಿದ್ದವು. ಕೋಣೆಯ ತಾಪಮಾನ ಇಟ್ಟುಕೊಂಡು ಹಿಂದಕ್ಕೆ ಎಣಿಸಿದೆ. ಮಂಗಳವಾರ. ಮತ್ತೆ ಎಣಿಸಿದೆ, ಮಂಗಳವಾರವೇ. ಅವತ್ತು ಕಾಲೇಜಿಗೆ ಹೋಗಲಿಲ್ಲ. ಠಾಣೆಗೆ ಹೋಗಿ ಬಟನ್ ಬಗ್ಗೆ, ಮೊದಲ ವರದಿಯ ಸುಳ್ಳಿನ ಬಗ್ಗೆ ಎಲ್ಲವನ್ನೂ ಬರೆದು ಸಹಿ ಹಾಕಿದೆ. ಮಂಗಳವಾರ ಹುಲಗೇಶರು ಮಗಳ ಸೀಮಂತಕ್ಕೆ ಬೆಳಗಾವಿಯಲ್ಲಿದ್ದರು, ನೂರು ಜನ ನೋಡಿದ್ದರು. ಹೀಗೆ ಅವರು ಹೊರಗೆ ಬಂದರು. ನನ್ನನ್ನು ಕಾಲೇಜಿನವರು ಅಮಾನತು ಮಾಡಿದರು. ಆ ಬಟನ್ ಮಾತ್ರ ಇನ್ನೂ ಇದೆಯಂತೆ.

ಕಳೆದ ವಾರ ಹುಲಗೇಶರ ಮನೆಗೆ ಹೋಗಿದ್ದೆ. ಬಯ್ಯಲಿ ಎಂದೇ ಹೋದೆ. ಅವರು ಚಹಾ ಕುಡಿಸಿದರು. "ಆಕಿ ಆಗಾಗ ಊರಿಗೆ ಹೋಗಿ ಎರಡ ದಿನ ಇದ್ದು ಬರತಿದ್ಲು. ಗುರುವಾರಾದ್ರೂ ಊಟಕ್ಕ ಬರಲಿಲ್ಲ ಅಂತ ನೋಡಾಕ ಹೋದ್ನಿ. ಬಾಗಲಾ ಬಡದೆ, ಒದರಿದೆ. ಹೆಣ್ಣಮಗಳ ರೂಮು, ಹ್ಯಾಂಗ ಒಡೀಲಿ ಅಂತ ತಿರುಗಿ ಬಂದ್ನಿ. ಒಡದಿದ್ರ ಉಳೀತಿತ್ತೇನ್ರೀ ಕೂಸು?"

"ಇಲ್ರಿ. ಅಷ್ಟೊತ್ತಿಗೆ ಎರಡು ದಿನ ಆಗಿತ್ತು" ಎಂದೆ.

ಅವರು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು. "ಇವತ್ತರ ನಿದ್ದಿ ಬರತದ" ಎಂದರು. ಅವಳು ಬಂದಿಲ್ಲ ಎಂದು ಇಡೀ ಊರಿನಲ್ಲಿ ಗಮನಿಸಿದ ಒಬ್ಬ ಮನುಷ್ಯನನ್ನು ನಾವು ಜೈಲಿಗೆ ಹಾಕಿದ್ದೆವು.

ಇನ್ನು ನಿನಗೆ ಬೋರು ಹೊಡೆಸುವುದಿಲ್ಲ. ನಿನ್ನ ಮಗಳು ಹಾಸ್ಟೆಲ್ಲಿಗೆ ಹೋಗಿದ್ದಾಳೆಂದು ಬರೆದಿದ್ದೀ. ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ದಿನಕ್ಕೊಂದು ಸಲ ಅವಳ ದನಿ ಕೇಳು, ಮೆಸೇಜು ನಂಬಬೇಡ. ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸು.

ನಿನ್ನ,
ಸುಜಾತಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ನಾನೂ ಅರ್ಧವೇ ಬರೆದಂತೆ. ಬಿಂದುಮಾಧವರ ಕೊನೆಯ ವರದಿ ನನಗೆ ಗೊತ್ತು. ಪೂನಮ್ ಕಾಲು ಜಾರಿ ಬಿದ್ದದ್ದು ಮಂಗಳವಾರವಲ್ಲ, ಸೋಮವಾರ ಬೆಳಿಗ್ಗೆ. ತಲೆಯೊಳಗೆ ನಿಧಾನಕ್ಕೆ ರಕ್ತ ಸೋರಿ, ಒಂದು ಹಗಲು ಒಂದು ರಾತ್ರಿ ಜೀವ ಹಿಡಿದುಕೊಂಡಿದ್ದಳು. ಕ್ಲಾಸಿಗೆ ಬಾರದವರ ಮನೆಗೆ ಹನ್ನೊಂದು ಗಂಟೆಗೆ ಮೆಸೇಜು ಹೋಗುತ್ತದೆ. ಅವಳ ತಾಯಿ ಯಂಕವ್ವ ಅಣ್ಣಿಗೇರಿಯಿಂದ ನನ್ನನ್ನು ನೋಡಲು ಬಂದಿದ್ದಳು. "ಮೆಸೇಜ್ ಬರಲಿಲ್ಲ, ಅದಕ್ಕ ಆರಾಮ ಅದಾಳಂತ ಹೊಲಕ್ಕ ಹೋದ್ನಿ ಅಕ್ಕಾರ. ಮಂಗಳಾರ ಬಿದ್ದ ಕೂಡ್ಲೇ ಜೀವ ಹೋತೇನ್ರಿ?" ಎಂದು ಕೇಳಿದಳು. ಹೌದು, ಕೂಡಲೇ ಎಂದೆ. ಆಕೆ ನನ್ನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡು, "ನೀವೊಬ್ಬರರ ಖರೇ ಹೇಳಿದ್ರಿ" ಎಂದಳು.